ಕ್ಯಾಂಡಲ್ ಆರಿತು, ಮತ್ತೆ ಹಚ್ಚಿ

ಸಿನಿಮಾ ಹುಡುಗರ ಜಗಳ ನೀವೂ ಕೇಳಿರುತ್ತೀರಿ. ಕಟೌಟ್ ಜಗಳವಲ್ಲ ನಾನು ಹೇಳುತ್ತಿರುವುದು. ಅದಕ್ಕೆ ಹಾಲು ಬೇಕು, ಪಟಾಕಿ ಬೇಕು, ಕೈಯಿಂದ ಒಂದಿಷ್ಟು ದುಡ್ಡು ಹೋಗುತ್ತದೆ. ಇದು ಖರ್ಚಿಲ್ಲದ್ದು. ಹಾಸನದ ಬಿ.ಎಂ. ರಸ್ತೆಯ ಟೀ ಅಂಗಡಿಯಲ್ಲಿ ಒನ್ ಬೈ ತ್ರೀ ಹೇಳಿ ಎರಡು ಗಂಟೆ ನಡೆಸಬಹುದು. ಮೊನ್ನೆಯ ವಿಷಯ: ಮಳೆ ಯಾರದ್ದು ಚೆನ್ನಾಗಿದೆ, ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯದ್ದೋ ಹಂಗೇರಿಯ ಬೇಲಾ ತಾರ್ ಅವರದ್ದೋ? ಹೊರಗೆ ಮಳೆ ಸುರಿಯುತ್ತಿತ್ತು. ಬೈಕಿನ ಸೀಟು ನೆನೆದು ತೊಪ್ಪೆಯಾಗುವವರೆಗೂ ಅದನ್ನು ಯಾರೂ ನೋಡಲಿಲ್ಲ.

ಗಡ್ಡದವನು ರಷ್ಯಾ ಪಕ್ಷ. ಕನ್ನಡಕದವನು ಹಂಗೇರಿ ಪಕ್ಷ. ಹಂಗೇರಿ ಪಕ್ಷಕ್ಕೆ 2025ರಿಂದ ಜಂಬ ಜಾಸ್ತಿ, ಯಾಕಂದ್ರೆ ಬೇಲಾ ತಾರ್ ಜೊತೆ ಚಿತ್ರಕಥೆ ಬರೆದ ಕ್ರಾಸ್ನಹೋರ್ಕೈಗೆ ಆ ವರ್ಷ ಸಾಹಿತ್ಯದ ನೊಬೆಲ್ ಬಂತು. ಬಹುಮಾನ ಅವರಿಗೆ, ಕಾಲರ್ ಎತ್ತಿದ್ದು ಇವನು. ಬಾಯಿ ತೆಗೆದರೆ 'ಸತಾನ್‌ಟ್ಯಾಂಗೊ'. 1994ರ ಸಿನಿಮಾ, ಏಳು ಗಂಟೆಗೂ ಜಾಸ್ತಿ. ಶುರುವಿನಲ್ಲೇ ದನಗಳು ಕೊಟ್ಟಿಗೆಯಿಂದ ಹೊರಬಂದು ಕೆಸರಲ್ಲಿ ಅಡ್ಡಾಡುತ್ತವೆ, ಕಟ್ ಇಲ್ಲದೆ ಏಳೆಂಟು ನಿಮಿಷ. ಇದನ್ನು ಹೇಳುವಾಗ ಇವನ ಕಣ್ಣು ಒದ್ದೆಯಾಗುತ್ತದೆ. ಆಲೂರು ಹತ್ತಿರ ಇವನ ಮನೆಯಲ್ಲೇ ನಾಲ್ಕು ದನ ಇವೆ. ಅವು ಕೊಟ್ಟಿಗೆಯಿಂದ ಹೊರಬರುವುದನ್ನು ಇವನು ನೋಡಿಲ್ಲ. ಅಷ್ಟು ಹೊತ್ತಿಗೆ ಇವನಿಗೆ ಎಚ್ಚರ ಆಗಿರುವುದಿಲ್ಲ.

ಮೂರನೆಯವನು ಜಪಾನಿನ ನಿರ್ದೇಶಕ ಓಜು ಪಕ್ಷ, ಮಾತು ಕಮ್ಮಿ. ಓಜು ಕ್ಯಾಮೆರಾವನ್ನು ಚಾಪೆ ಮೇಲೆ ಕೂತವರ ಮಟ್ಟಕ್ಕೆ ಇಳಿಸಿ ಇಡುತ್ತಿದ್ದರು ಅಂತ ಇವನು ಒಂದು ನೋಟ್‌ಬುಕ್ ತುಂಬಾ ಬರೆದಿದ್ದಾನೆ. ಮದುವೆಮನೆಯಲ್ಲಿ ನೆಲದ ಪಂಕ್ತಿಗೆ ಕೂರಿ ಅಂದರೆ ಮಾತ್ರ 'ಟೇಬಲ್ ಇಲ್ವಾ?' ಅಂತಾನೆ.

ನನಗೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆಯೇ. ನಾವು ಆ ವಯಸ್ಸಲ್ಲಿ ಫೈಟ್ ಎಷ್ಟಿದೆ ಅಂತ ಕೇಳಿ ಟಿಕೆಟ್ ತಗೊಳ್ಳುತ್ತಿದ್ದೆವು. ಇವರು ಶಾಟ್ ಎಷ್ಟುದ್ದ ಅಂತ ಕೇಳುತ್ತಾರೆ. ಉದ್ದ ಇದ್ದಷ್ಟೂ ಒಳ್ಳೆಯದಂತೆ. ಸೀರೆ ಅಂಗಡಿಯಲ್ಲೂ ಹೀಗೆ ಅಳೆಯಲ್ಲ.

ಗಡ್ಡದವನ ಬ್ರಹ್ಮಾಸ್ತ್ರ ತಾರ್ಕೋವ್‌ಸ್ಕಿಯ 1983ರ 'ನಾಸ್ಟಾಲ್ಜಿಯಾ'. ಅದರ ಕೊನೆಗೆ ಒಬ್ಬ ಮನುಷ್ಯ ಉರಿಯುವ ಕ್ಯಾಂಡಲ್ ಹಿಡಿದು, ನೀರು ಖಾಲಿ ಮಾಡಿದ ಕೊಳವನ್ನು ಈ ತುದಿಯಿಂದ ಆ ತುದಿಗೆ ದಾಟುತ್ತಾನೆ. ಆರಿದರೆ ಮತ್ತೆ ಮೊದಲಿಂದ. ಒಂದೇ ಶಾಟ್, ಸುಮಾರು 9 ನಿಮಿಷ. ಇದನ್ನು ಅವನು ಹೇಳುತ್ತಿರುವುದು ಯಾರಿಗೆ? ಹಾಸನದವರಿಗೆ! ಹಾಸನಾಂಬೆ ಗುಡಿ ತೆಗೆಯುವುದು ವರ್ಷಕ್ಕೊಂದೇ ಸಲ, ದೀಪಾವಳಿ ಹೊತ್ತಿಗೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವವರೆಗೂ ಆರಲ್ಲ ಅಂತ ನಂಬಿಕೊಂಡು ಬಂದ ಊರು ನಮ್ಮದು. ನಮಗೆ 9 ನಿಮಿಷ ಯಾವ ಲೆಕ್ಕ? ನಂಬಿಕೆ ವಿಷಯ ಬಿಡಿ, ಆ ದರ್ಶನದ ಸಾಲು ನೋಡಿ. ಮಗು ಎತ್ತಿಕೊಂಡು, ಮುಂದಿನವರ ಬೆನ್ನು ನೋಡಿಕೊಂಡು, ಗಂಟೆಗಟ್ಟಲೆ. ಅದೇ ಹೊತ್ತಲ್ಲಿ ಪಾಸ್ ಇದ್ದವರು ಕಾರಿಳಿದು, ಹೀಗೆ ಹೋಗಿ ಹಾಗೆ ಬಂದು, ಮತ್ತೆ ಕಾರು ಹತ್ತಿದ ವರ್ಷಗಳೂ ಉಂಟು. ನಡುವಿನದ್ದನ್ನು ಕತ್ತರಿಸಿ ಹಾರುವುದು, ಅದೇ ಜಂಪ್ ಕಟ್. ಫ್ರೆಂಚ್ ನಿರ್ದೇಶಕ ಗೊಡಾರ್ 1960ರಲ್ಲಿ ಅದನ್ನು ಮಾಡಿ ಹೆಸರಾದರು. ನಮ್ಮಲ್ಲಿ ಪಾಸ್ ಇದ್ದರೆ ಸಾಕು.

ಮಾತು ಸಾಕಾಯಿತೇನೋ, ಹೋದ ಭಾನುವಾರ ಮೂವರೂ ತಾವೇ ಒಂದು ಕಿರುಚಿತ್ರ ಮಾಡಲು ಹೊರಟರು. ಜಾಗ ಶೆಟ್ಟಿಹಳ್ಳಿ ಚರ್ಚ್, ಮತ್ತೆಲ್ಲಿ. ಸ್ಕೂಟರ್ ಇದೆ ಅಂತ ನನ್ನನ್ನೂ ಕರೆದರು. ಕ್ಯಾಂಡಲ್ ಪ್ಯಾಕೆಟ್ ನನ್ನ ಡಿಕ್ಕಿಯಲ್ಲಿ. ಹೇಮಾವತಿಯ ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದಿತ್ತು. ಒಡೆದ ಕಮಾನು, ಸೂರಿಲ್ಲದ ಗೋಡೆ. 'ಸಾಕ್ಷಾತ್ ತಾರ್ಕೋವ್‌ಸ್ಕಿ' ಅಂದ ಗಡ್ಡದವನು. ಅಲ್ಲಿ ಆಗಲೇ ಮೂರು ಮದುವೆ ಜೋಡಿ ಫೋಟೋಗೆ ನಿಂತಿದ್ದವು. ಒಬ್ಬಳ ಕೆಂಪು ಗೌನಿನ ಬಾಲ ಹಿಡಿದುಕೊಂಡು ಅವಳ ತಮ್ಮ ಓಡಬೇಕು, ಫೋಟೋಗ್ರಾಫರ್ 'ಬಿಡು' ಅಂದ ತಕ್ಷಣ ಗಾಳಿಗೆ ಬಿಟ್ಟು ಗೋಡೆ ಹಿಂದೆ ಅಡಗಬೇಕು. ಪಾಪ, ಪ್ಯಾಂಟಿನ ತುಂಬಾ ಉತ್ತರಾಣಿ ಅಂಟಿಸಿಕೊಂಡು ಹತ್ತು ಸಲ ಓಡಿದ.

ನಮ್ಮವರು ಕ್ಯಾಂಡಲ್ ಹಚ್ಚಿದರು. ನಾಲ್ಕು ಹೆಜ್ಜೆಗೆ ತಲೆ ಮೇಲೆ ಡ್ರೋನ್ ಬಂತು, ಆರಿತು. ಮತ್ತೆ ಹಚ್ಚಿದರು. ಆ ಕಡೆ ಯಾರೋ 'ಕಟ್' ಅಂತ ಕೂಗಿದರು, ಈ ಕಡೆ ಕನ್ನಡಕದವನು ಕ್ಯಾಮೆರಾ ಆಫ್ ಮಾಡಿದ. ಅದರ ಬ್ಯಾಟರಿಯೂ ಮುಗಿದಿತ್ತು, ನನ್ನ ಮೊಬೈಲ್ ಇಸಕೊಂಡರು. ಮೂರನೇ ಸಲ ಚೆನ್ನಾಗಿ ಬರುತ್ತಿತ್ತು. ಆಗ ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಎದುರಿಗೇ ನಿಂತು ನೋಡತೊಡಗಿದರು.

'ಅಜ್ಜಾ, ಪಕ್ಕಕ್ಕೆ ಹೋಗಿ, ಫ್ರೇಮಲ್ಲಿ ಬರ್ತೀರಿ!'

ಅಜ್ಜ ಪಕ್ಕಕ್ಕೆ ಬಂದರು. ಕೋಲಿನಲ್ಲಿ ನೀರಿನ ಕಡೆ ತೋರಿಸಿ, 'ನಮ್ಮನೆ ಅಲ್ಲಿತ್ತು' ಅಂದರು ನನಗೆ. ಅಷ್ಟೇ. ಅವರ ಹಿಂದೆ ಮೂರು ದನ ಕೆಸರು ತುಳಿದುಕೊಂಡು ಹೋದವು. ಹಂಗೇರಿ ಪಕ್ಷ ಫೋಕಸ್ ಸರಿಮಾಡುತ್ತಿತ್ತು.

ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ತಾರ್ಕೋವ್‌ಸ್ಕಿಯ 'ಸ್ಟಾಕರ್' ಬಂದದ್ದೂ ಅದೇ ವರ್ಷ. ಆ ಸಿನಿಮಾದ ನೀರಿನ ತಳದಲ್ಲಿ ಏನೇನು ಬಿದ್ದಿದೆ ಅಂತ ಈ ಹುಡುಗರು ನಿದ್ದೆಯಲ್ಲೂ ಹೇಳುತ್ತಾರೆ: ಸಿರಿಂಜು, ನಾಣ್ಯ, ಪಿಸ್ತೂಲು. ಹೇಮಾವತಿಯ ನೀರಿನ ತಳದಲ್ಲಿ ಏನಿದೆ? ಊರುಗಳಿವೆ ಕಣ್ರೋ. ಮನೆ, ಗದ್ದೆ, ಬಾವಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಎತ್ತರ ಇತ್ತು, ಕಾಣುತ್ತದೆ. ಮನೆಗಳು ಕುಳ್ಳಗಿದ್ದವು, ಕಾಣಲ್ಲ. ಬದಲಿ ಜಮೀನಿಗೆ ಕೈಯಲ್ಲಿ ಕಾಗದ ಹಿಡಿದು ಕಚೇರಿ ಕಚೇರಿ ಅಲೆದವರ ಶಾಟ್ ಎಷ್ಟು ನಿಮಿಷ ಇಡುತ್ತೀರಿ? ಹಾಗಂತ ಇವರು ನೋಡದವರೇನಲ್ಲ. ಮೂಡಿಗೆರೆಯ ತೇಜಸ್ವಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ 'ತಬರನ ಕಥೆ' ನೋಡಿದ್ದಾರೆ. ಸ್ವರ್ಣಕಮಲ ಬಂದದ್ದು ಗೊತ್ತು, ತಬರನಾದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಗೊತ್ತು. ಪಿಂಚಣಿಗೆ ಅಲೆದು ಅಲೆದು ಸೋತ ಆ ಮುದುಕನನ್ನು ನೋಡಿ ಏನನ್ನಿಸಿತು ಅಂತ ಕೇಳಿದೆ. ಆಫೀಸಿನ ಬಾಗಿಲು ಫ್ರೇಮಿನಲ್ಲಿ ಬಹಳ ಚೆನ್ನಾಗಿ ಕೂತಿದೆ ಅಂದರು. ನಾನು ಬೈಯಲಿಲ್ಲ. ಬೈಯುವಷ್ಟು ಶಕ್ತಿ ಇರಲಿಲ್ಲ.

ವಾಪಸ್ ಬರುವಾಗ ಮಳೆ ಹಿಡಿಯಿತು. ಯಾರ ಶೈಲಿಯ ಮಳೆ ಅಂತ ಹಿಂದೆ ಕೂತವನು ದಾರಿಯುದ್ದಕ್ಕೂ ವಿವರಿಸಿದ. ಮನೆ ಸೇರಿದಾಗ ಕರೆಂಟ್ ಇಲ್ಲ. ಡಿಕ್ಕಿಯಲ್ಲಿ ಉಳಿದ ಕ್ಯಾಂಡಲ್ ನೆನಪಾಯಿತು. ಒಂದು ಹಚ್ಚಿ, ಅಂಗೈ ಅಡ್ಡ ಹಿಡಿದು, ಹಜಾರದಿಂದ ಅಡುಗೆಮನೆಗೆ ಹೊರಟೆ. ಐದನೇ ಹೆಜ್ಜೆಗೆ ಆರಿತು. ಮತ್ತೆ ಬಾಗಿಲಿಗೆ ಹೋಗಿ, ಹಚ್ಚಿ, ಹೊರಟೆ.

'ಮೊಬೈಲಲ್ಲಿ ಟಾರ್ಚ್ ಇಲ್ವೇನ್ರೀ?' ಅಂದಳು ಒಳಗಿನಿಂದ.

ಇತ್ತು. ಚಾರ್ಜ್ ಇರಲಿಲ್ಲ. ಮೂರನೇ ಟೇಕಿಗೇ ಮುಗಿದಿತ್ತು.