ಟ್ರೈಕೋಡರ್ಮಾ ಬುಡಕ್ಕೆ, ಕೊಳೆರೋಗ ಗೊನೆಗೆ

ಮಳೆಗಾಲ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕೃಷಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಮತ್ತೆ ಓಡಾಡುತ್ತದೆ. ಬೆಲ್ಲದ ನೀರಿಗೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೆರೆಸಿ ಅಡಿಕೆ ಬುಡಕ್ಕೆ ಸುರಿದರೆ ಸಾಕು, ಕಾಯಿ ಕೊಳೆಸುವ ಕೊಳೆರೋಗಕ್ಕೆ ಮರ ಹತ್ತಿ ಮದ್ದು ಸಿಂಪಡಿಸುವುದೇ ಬೇಡ ಅಂತ. ಮರ ಹತ್ತುವವರೇ ಸಿಗದ ಕಾಲ. ನಂಬೋಣ ಅನಿಸುವುದು ಸಹಜ, ಅಲ್ವಾ?

ಆದರೆ ಇದು ಸರಿಯಲ್ಲ. ಟ್ರೈಕೋಡರ್ಮಾ ಒಳ್ಳೆಯ ಶಿಲೀಂಧ್ರವೇ, ಅದರ ಕೆಲಸ ಮಾತ್ರ ಮಣ್ಣಿನಲ್ಲಿ. ಬೇರಿನ ಸುತ್ತ ಬೆಳೆದು, ಬೇರು ಕೊಳೆಸುವ ಶಿಲೀಂಧ್ರಗಳ ಜಾಗ, ಆಹಾರ ಕಸಿಯುತ್ತದೆ; ಕೆಲವನ್ನು ತಿಂದೇ ಹಾಕುತ್ತದೆ. ಕಾಳುಮೆಣಸಿನ ಸೊರಗು ರೋಗಕ್ಕೆ ಇದನ್ನು ಬುಡಕ್ಕೆ ಕೊಡುವುದು ಅದಕ್ಕೇ. ಅಡಿಕೆಯ ಕೊಳೆರೋಗ ಹಾಗಲ್ಲ. ಫೈಟೊಫ್ತೊರಾ ಎಂಬ ರೋಗಾಣು ಮಳೆಹನಿ, ಗಾಳಿಯ ಜೊತೆ ಹರಡಿ ಮೇಲಿನ ಕಾಯಿಗೇ ತಗಲುತ್ತದೆ. ಬುಡಕ್ಕೆ ಹಾಕಿದ್ದು ಅಲ್ಲಿಗೆ ಏರುವುದಿಲ್ಲ. ಮೈಲುತುತ್ತು, ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಗೊನೆಗೆ ಸಿಂಪಡಿಸಿ, 40–45 ದಿನಕ್ಕೆ ಇನ್ನೊಮ್ಮೆ ಸಿಂಪಡಿಸಲೇಬೇಕು.

ಹಾಗಂತ ಪೊಟ್ಟಣ ಬಿಸಾಡಬೇಡಿ. 1 ಕಿಲೋ ಟ್ರೈಕೋಡರ್ಮಾವನ್ನು 100 ಕಿಲೋ ಕಳಿತ ಹಟ್ಟಿಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಒಂದೆರಡು ವಾರ ಇಡಿ. ಅದು ಜೀವಂತ ವಸ್ತು, ಅಲ್ಲಿ ಚೆನ್ನಾಗಿ ಹೆಚ್ಚುತ್ತದೆ. ಆಮೇಲೆ ಆ ಗೊಬ್ಬರವನ್ನು ಬುಡಕ್ಕೆ ಹಾಕಿ. ಮೈಲುತುತ್ತಿನ ಜೊತೆ ಮಾತ್ರ ಬೆರೆಸಬೇಡಿ.

ಇಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಸಾಕು. ರೋಗ ಗಿಡದ ಯಾವ ಭಾಗಕ್ಕೆ ಬರುತ್ತದೆ? ಮದ್ದು ಎಲ್ಲಿಗೆ ಹಾಕಲು ಹೇಳುತ್ತಾರೆ? ಆಮೇಲೆ ಪೊಟ್ಟಣದ ಲೇಬಲ್ ಓದಿ: ಯಾವ ರೋಗಕ್ಕೆ, ಅವಧಿ ಎಂದಿನವರೆಗೆ ಅಂತ ನೋಡಿ. ಆಗಲೂ ಸಂಶಯ ಉಳಿದರೆ ಹತ್ತಿರದ ತೋಟಗಾರಿಕೆ ಅಧಿಕಾರಿಗೆ ಆ ಸಂದೇಶವನ್ನೇ ತೋರಿಸಿ ಕೇಳಿ.