ಮೀಸೆಗೂ ಒಂದು ಫ್ಲ್ಯಾಶ್‌ಬ್ಯಾಕ್

ನನ್ನ ಇಷ್ಟದ ಪತ್ತೇದಾರಿ ಕಾದಂಬರಿಯೊಂದರ ಹಾಳೆಗಳು ಕಿತ್ತು ಬಂದಿದ್ದವು. ಹೊಸ ಪ್ರತಿ ತರಿಸಿದೆ. ಮುಖಪುಟದ ತುಂಬ ಸಿನಿಮಾ ನಟರು. ಕೊಲೆ ಮಾಡಿದ್ದು ನಾನೇ ಅನ್ನೋ ಹಾಗೆ ಎಲ್ಲರೂ ನನ್ನನ್ನೇ ಗುಮಾನಿಯಿಂದ ನೋಡುತ್ತಿದ್ದಾರೆ. ಮೂಲೆಯಲ್ಲಿ ದುಂಡಗೆ ಒಂದು ಮುದ್ರೆ: ‘ಈಗ ಸಿನಿಮಾ ಆಗಿದೆ’. ಸ್ಟಿಕರ್ ಇರಬೇಕು ಅಂತ ಉಗುರಿನಿಂದ ಕೆರೆದು ನೋಡಿದೆ. ಅಲ್ಲ, ಅಚ್ಚು ಹಾಕಿಯೇಬಿಟ್ಟಿದ್ದಾರೆ.

ಇದರಲ್ಲಿ ಹೆಮ್ಮೆಪಡೋದು ಏನಿದೆಯೋ. ಇಷ್ಟು ವರ್ಷ ಬರೀ ಪುಸ್ತಕವಾಗಿ ಬಿದ್ದಿತ್ತು, ಈಗ ಅದಕ್ಕೊಂದು ಗತಿ ಕಾಣಿಸಿದೆವು ಅನ್ನುವ ಧಾಟಿ. ಪುಸ್ತಕ ಮೇಲೋ ಸಿನಿಮಾ ಮೇಲೋ ಅನ್ನುವ ಜಗಳದಲ್ಲಿ ನನ್ನದೂ ಒಂದು ಸಿದ್ಧಾಂತ ಇದೆ. ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮೀಸೆಯ ವಿಷಯ ಮುಗಿಸಿಬಿಡಬೇಕು. ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಮೀಸೆ ಅಗಾಥಾ ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪೊಯ್ರೊನದು. 1974ರಲ್ಲಿ ‘ಮರ್ಡರ್ ಆನ್ ದ ಓರಿಯೆಂಟ್ ಎಕ್ಸ್‌ಪ್ರೆಸ್’ ಸಿನಿಮಾ ಬಂತು. ಆಲ್ಬರ್ಟ್ ಫಿನ್ನಿ ಪೊಯ್ರೊ ಆಗಿದ್ದರು. ತನ್ನ ಕಥೆಗಳ ಸಿನಿಮಾ ಕ್ರಿಸ್ಟಿಗೆ ಹಿಡಿಸೋದೇ ಅಪರೂಪ. ಇದು ಹಿಡಿಸಿತು. ದೂರು ಒಂದೇ, ಮೀಸೆ ಸಾಲದು. ಇಡೀ ಇಂಗ್ಲೆಂಡಿನಲ್ಲೇ ಇಲ್ಲದಂಥ ಮೀಸೆ ಅಂತ ನಾನು ಬರೆದಿದ್ದೇನೆ, ಸಿನಿಮಾದಲ್ಲಿ ಯಾಕಿರಬಾರದು ಅಂದರಂತೆ. ಎಂಬತ್ತು ದಾಟಿದ ಅಜ್ಜಿ, ಎಷ್ಟು ಸರಿಯಾದ ಪ್ರಶ್ನೆ!

ಆಮೇಲೆ ಪೀಟರ್ ಉಸ್ತಿನೋವ್ ಬಂದರು. ಅವರದು ಭಾರಿ ಮೈಕಟ್ಟು. ಕಾದಂಬರಿಯ ಪೊಯ್ರೊ 5 ಅಡಿ 4 ಇಂಚಿನ ಆಸಾಮಿ. ಪೊಯ್ರೊ ಹೀಗಿಲ್ಲ ಅಂತ ಕ್ರಿಸ್ಟಿಯ ಮಗಳು ಆಕ್ಷೇಪ ಎತ್ತಿದರಂತೆ. ಇನ್ನು ಮೇಲೆ ಹೀಗೇ ಇರುತ್ತಾನೆ ಅಂದರಂತೆ ಉಸ್ತಿನೋವ್. ಸೊಕ್ಕು ನೋಡಿ! ಆದರೂ ಆ ಉತ್ತರಕ್ಕಾಗಿ ಅವರ ಮೀಸೆಯನ್ನು ಮಾಫಿ ಮಾಡಿದ್ದೇನೆ.

ಡೇವಿಡ್ ಸುಶೆ 1989ರಿಂದ 2013ರವರೆಗೆ ಟಿವಿಯಲ್ಲಿ ಪೊಯ್ರೊ. ಪುಸ್ತಕಗಳನ್ನು ಓದಿ ಓದಿ ಅವನ ಗುಣ, ಅಭ್ಯಾಸಗಳ ಪಟ್ಟಿ ಮಾಡಿಟ್ಟುಕೊಂಡರು. ಒಟ್ಟು 93. ಟೀಗೆ ಎಷ್ಟು ಬಿಲ್ಲೆ ಸಕ್ಕರೆ ಅನ್ನೋದೂ ಅದರಲ್ಲಿ ಇತ್ತು. ಇಂಥವರ ಮೀಸೆಯ ಬಗ್ಗೆ ತಕರಾರು ತೆಗೆಯೋಕೆ ನಾನ್ಯಾರು? 2018ರಲ್ಲಿ ಜಾನ್ ಮಾಲ್ಕೊವಿಚ್ ಗಡ್ಡ ಬಿಟ್ಟುಕೊಂಡು ಪೊಯ್ರೊ ಆಗಿ ಬಂದರು. ಅದರ ಬಗ್ಗೆ ಮಾತಾಡದಿರೋದೇ ಒಳ್ಳೆಯದು.

ಈಗ ಕೆನೆತ್ ಬ್ರಾನಾ. 2017ರಲ್ಲಿ ಓರಿಯೆಂಟ್ ಎಕ್ಸ್‌ಪ್ರೆಸ್ಸನ್ನು ಮತ್ತೆ ಓಡಿಸಿದಾಗ ಅವರ ಮೀಸೆ ಕೆನ್ನೆ ದಾಟಿ ಕಿವಿಯ ಕಡೆ ಹೊರಟಿತ್ತು. ಕ್ರಿಸ್ಟಿ ಇದ್ದಿದ್ದರೆ ಖುಷಿಪಡುತ್ತಿದ್ದರೇನೋ. ನಾನೂ ಸುಮ್ನಿದ್ದೆ. ಆದರೆ 2022ರ ‘ಡೆತ್ ಆನ್ ದ ನೈಲ್’ ಶುರುವಾಗೋದೇ ಮೊದಲ ಮಹಾಯುದ್ಧದ ಕಂದಕದಲ್ಲಿ, ಕಪ್ಪುಬಿಳುಪಿನಲ್ಲಿ. ಪೊಯ್ರೊ ಎಳೇ ಸಿಪಾಯಿ. ಏನೋ ಸಿಡಿಯುತ್ತದೆ, ಮುಖಕ್ಕೆ ಗಾಯವಾಗುತ್ತದೆ. ಆಸ್ಪತ್ರೆಯ ಹಾಸಿಗೆ. ಪ್ರೀತಿಸಿದ ಹುಡುಗಿ ಬರುತ್ತಾಳೆ, ಗಾಯ ನೋಡುತ್ತಾಳೆ, ಮೀಸೆ ಬಿಟ್ಟರಾಯಿತು ಅನ್ನುತ್ತಾಳೆ. ಹಿನ್ನೆಲೆ ಸಂಗೀತ. ಅಂತೂ ಮೀಸೆಗೆ ಕಾರಣ ಸಿಕ್ಕಿತು!

ಯಾರು ಕೇಳಿದ್ದರು ಸ್ವಾಮಿ? ಮನುಷ್ಯ ಮೀಸೆ ಬಿಡೋದು ಚೆನ್ನಾಗಿ ಕಾಣುತ್ತೆ ಅಂತ. ಪೊಯ್ರೊನಂಥ ಜಂಭಗಾರ ಬಿಡೋದಂತೂ ಅದಕ್ಕೇ. ಆ ಜಂಭವೇ ಅವನ ಸೊಗಸು. ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಅವನ ಮೊದಲ ಕಾದಂಬರಿ. ಅದರಲ್ಲಿ ಗೆಳೆಯ ಹೇಸ್ಟಿಂಗ್ಸ್ ಅವನನ್ನು ಪರಿಚಯ ಮಾಡಿಕೊಡುವಾಗ, ಇವನಿಗೆ ಗುಂಡೇಟಿಗಿಂತ ಬಟ್ಟೆ ಮೇಲಿನ ಒಂದು ಚೂರು ಧೂಳೇ ಜಾಸ್ತಿ ನೋವು ಕೊಟ್ಟೀತು ಅನ್ನುತ್ತಾನೆ. ಒಂದೇ ಸಾಲಿನಲ್ಲಿ ಆಸಾಮಿ ಪೂರ್ತಿ ಸಿಕ್ಕಿಬಿಟ್ಟ. ಸಿನಿಮಾದವರು ಧೂಳನ್ನು ಒರೆಸಿ ಗಾಯವನ್ನು ಕೊಟ್ಟರು.

ಸಾಲದ್ದಕ್ಕೆ ಲೆಕ್ಕವೂ ಕೂಡುವುದಿಲ್ಲ. ಅದೇ ಕಾದಂಬರಿಯಲ್ಲಿ ಇನ್ಸ್‌ಪೆಕ್ಟರ್ ಜ್ಯಾಪ್ ಬರುತ್ತಾನೆ. 1904ರಲ್ಲಿ ನಾನೂ ಪೊಯ್ರೊನೂ ಒಂದು ಫೋರ್ಜರಿ ಕೇಸಿನಲ್ಲಿ ಒಟ್ಟಿಗೆ ಕೆಲಸ ಮಾಡಿದ್ದೆವು ಅನ್ನುತ್ತಾನೆ. ಪೊಯ್ರೊ ಬೆಲ್ಜಿಯಂ ಪೊಲೀಸರಲ್ಲಿ ಹೆಸರು ಮಾಡಿ, ಯುದ್ಧದ ಕಾಲಕ್ಕೆ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದವನು. 1904ರಲ್ಲೇ ಫೋರ್ಜರಿ ಹಿಡಿದವನು 1914ರಲ್ಲಿ ಮೀಸೆ ಮೂಡದ ಸಿಪಾಯಿ ಆಗೋದು ಹೇಗೆ? ಯಾರು ಯಾವಾಗ ಎಲ್ಲಿದ್ದರು ಅನ್ನೋದರ ಮೇಲೆಯೇ ಇಡೀ ಕಸುಬು ನಿಂತಿದೆ. ಅಂಥದ್ದರಲ್ಲಿ ಪತ್ತೇದಾರನ ಅಲಿಬಿಯೇ ಮುರಿದು ಬಿದ್ದಿದೆ, ಯಾರೂ ಕೇಳುವವರಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ವಾ? ಇಲ್ಲಿ ಜಟ್ಟಿ ನೆಟ್ಟಗೇ ನಿಂತಿದ್ದಾನೆ, ಮಣ್ಣಾದದ್ದು ಮೀಸೆ ಮಾತ್ರ.

ಸಿಟ್ಟು ಬಂದಿರುವಾಗಲೇ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಕೊಲೆಗಾರನನ್ನು ಹಿಡಿಯೋಕೆ ನನಗೆ ಸುಳಿವೇ ಬೇಡ. ನಟರ ಹೆಸರು ತೋರಿಸಿದರೆ ಸಾಕು. ದೊಡ್ಡ ನಟ, ಚಿಕ್ಕ ಪಾತ್ರ. ಮೊದಲ ಅರ್ಧದಲ್ಲಿ ಬಂದು ಹವಾಮಾನದ ಬಗ್ಗೆ ಎರಡು ಮಾತಾಡಿ ಹೋಗುತ್ತಾನೆ. ಇಷ್ಟಕ್ಕೇ ಇವನಿಗೆ ಅಷ್ಟು ದುಡ್ಡು ಸುರಿದಿರುತ್ತಾರಾ? ಇವನೇ! 1974ರವರು ಜಾಣರು. ಶಾನ್ ಕಾನರಿ, ಇಂಗ್ರಿಡ್ ಬರ್ಗ್‌ಮನ್, ಲಾರೆನ್ ಬಕಾಲ್ ಅಂತ ರೈಲಿನ ತುಂಬ ದೊಡ್ಡವರನ್ನೇ ಹತ್ತಿಸಿದರು. ಯಾರ ಮೇಲೆ ಅಂತ ಗುಮಾನಿ ಪಡ್ತೀರಿ? ಕಾದಂಬರಿ ಬಂದದ್ದು 1934ರಲ್ಲಿ. ಆದರೂ ಇದಕ್ಕಿಂತ ಜಾಸ್ತಿ ನನ್ನಿಂದ ಹೊರಡಿಸೋಕಾಗಲ್ಲ. ಕೊಲೆಯ ಗುಟ್ಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ.

ಸರಿ, ಸಿದ್ಧಾಂತಕ್ಕೆ ಬರೋಣ. ಪತ್ತೇದಾರಿ ಕಥೆಯಲ್ಲಿ ವಿವರಣೆ ಬೇಕಾಗಿರೋದು ಕೊಲೆಗೆ ಮಾತ್ರ. ಮಿಕ್ಕಿದ್ದನ್ನೆಲ್ಲ ಅದರ ಪಾಡಿಗೆ ಬಿಡಬೇಕು. ಪುಸ್ತಕಕ್ಕೆ ಇದು ಗೊತ್ತು, ಸಿನಿಮಾಕ್ಕೆ ಗೊತ್ತಿಲ್ಲ.

ಸೈನ್ಸ್ ಫಿಕ್ಷನ್ನಿಗೂ ಇದೇ ಮಾತು. 1982ರ ‘ಬ್ಲೇಡ್ ರನ್ನರ್’ ತೆಗೆದುಕೊಳ್ಳಿ. ಬಿಡುಗಡೆಗೆ ಮುಂಚೆ ನೋಡಿದವರು ತಲೆ ಕೆರೆದುಕೊಂಡರು. ತಕ್ಷಣ ಹ್ಯಾರಿಸನ್ ಫೋರ್ಡ್ ಕೈಲಿ ಹಿನ್ನೆಲೆಯಲ್ಲಿ ಕಥೆ ಹೇಳಿಸಿದರು. ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಆ ದನಿಯನ್ನು ಕಿತ್ತುಹಾಕಿದರು, ಸಿನಿಮಾ ಎಷ್ಟೋ ಚೆಂದವಾಯಿತು. ಆದರೆ ಕುರಿ ಎಲ್ಲಿ? ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಮೂಲ ಕಾದಂಬರಿ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ನ ಹೆಸರಿನಲ್ಲೇ ಒಂದು ಕುರಿ ಇದೆ. ನಾಯಕನ ತಾರಸಿ ಮೇಲೆ ಮೇಯುವ ಕರೆಂಟಿನ ಕುರಿ. ನಿಜವಾದ ಪ್ರಾಣಿ ಸಾಕೋಕೆ ದುಡ್ಡಿಲ್ಲ, ಪಕ್ಕದವನ ಕುದುರೆ ಕಂಡರೆ ಹೊಟ್ಟೆಕಿಚ್ಚು. ಕಥೆ ಶುರುವಾಗೋದೂ ಬೆಳಗಿನ ಗಂಡಹೆಂಡಿರ ಜಗಳದಿಂದ. ನಂಬರ್ ಒತ್ತಿದರೆ ಮನಸ್ಸನ್ನು ಬದಲಾಯಿಸುವ ಯಂತ್ರ ಮನೆಯಲ್ಲಿದೆ. ಹೆಂಡತಿ ಅದರಲ್ಲಿ ಆರು ಗಂಟೆ ಹೊತ್ತಿನ ಕೊರಗನ್ನು ಗೊತ್ತುಮಾಡಿಕೊಂಡಿದ್ದಾಳೆ, ಗಂಡ ಬೇಡ ಅಂತ ಗೋಗರೆಯುತ್ತಾನೆ. 888 ಅಂತಲೂ ಒಂದು ನಂಬರ್ ಉಂಟು. ಅದನ್ನು ಒತ್ತಿದರೆ ಏನೇ ಬರುತ್ತಿರಲಿ, ಟಿವಿ ನೋಡಬೇಕು ಅನ್ನಿಸುತ್ತದೆ. ಸಿನಿಮಾದಲ್ಲಿ ಆ ಯಂತ್ರವೂ ಇಲ್ಲ, ಕುರಿಯೂ ಇಲ್ಲ. ಮಳೆ ಮಾತ್ರ ಬೇಕಾದಷ್ಟಿದೆ. ಒಂದು ತೆಳ್ಳನೆಯ ಕಾದಂಬರಿಯನ್ನು ಎಳೆದೆಳೆದು ಸೀರಿಸ್ ಮಾಡುವವರಂತೂ ನಾವೆಲ್ಲ 888 ಒತ್ತಿಕೊಂಡೇ ಕೂತಿರುತ್ತೇವೆ ಅಂದುಕೊಂಡಿದ್ದಾರೆ.

ಇಲ್ಲಿಯವರೆಗೆ ಸಿದ್ಧಾಂತ ಚೆನ್ನಾಗೇ ನಡೆಯಿತು. ಅಡ್ಡ ಬರೋದು ‘2001: ಎ ಸ್ಪೇಸ್ ಒಡಿಸ್ಸಿ’. ಕುಬ್ರಿಕ್ ಸಿನಿಮಾ ಏನನ್ನೂ ವಿವರಿಸಲ್ಲ. ಅದೇ 1968ರಲ್ಲಿ ಸಿನಿಮಾದ ಬೆನ್ನಿಗೇ ಬಂದ ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಎಲ್ಲ ಉಲ್ಟಾ. ಪುಸ್ತಕದ ನೌಕೆ ಹೋಗೋದು ಶನಿಗೆ. ಸಿನಿಮಾದವರಿಗೆ ಶನಿಯ ಬಳೆಗಳನ್ನು ನಂಬುವ ಹಾಗೆ ತೋರಿಸೋಕಾಗಲಿಲ್ಲ, ಗುರುವಿನ ಹತ್ತಿರವೇ ನಿಲ್ಲಿಸಿಬಿಟ್ಟರು. 1982ರಲ್ಲಿ ಮುಂದಿನ ಭಾಗ ಬರೆಯುವಾಗ ಕ್ಲಾರ್ಕ್ ತಮ್ಮ ಶನಿಯನ್ನು ಬಿಟ್ಟು ಸಿನಿಮಾದ ಗುರುವನ್ನೇ ಹಿಡಿದರು. ಅವರಿಗೇನೋ ಶನಿಕಾಟ ತಪ್ಪಿ ಗುರುಬಲ ಬಂತು. ಪುಸ್ತಕದ ಪರವಾಗಿ ಜಗಳ ಕಾಯುತ್ತಿದ್ದ ನನ್ನಂಥವರ ಗತಿ?

ಸಿದ್ಧಾಂತವನ್ನು ರಿಪೇರಿ ಮಾಡೋಣ ಅಂತ ರೇಮಂಡ್ ಚಾಂಡ್ಲರ್ ಕಡೆ ಹೋದರೆ ಅಲ್ಲಿ ಇನ್ನೂ ಹದಗೆಟ್ಟಿತು. ಅವರ 1939ರ ‘ದ ಬಿಗ್ ಸ್ಲೀಪ್’ ಪತ್ತೇದಾರಿ ಕಾದಂಬರಿಯಲ್ಲಿ ಒಬ್ಬ ಡ್ರೈವರ್ ಕಾರಿನ ಸಮೇತ ಸಮುದ್ರದಲ್ಲಿ ಸಿಗುತ್ತಾನೆ. ಸಿನಿಮಾ ಮಾಡುವಾಗ, ಇವನನ್ನು ಕೊಂದದ್ದು ಯಾರು ಅಂತ ಸೆಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಚಿತ್ರಕಥೆ ಬರೆದವರಲ್ಲಿ ಸೈನ್ಸ್ ಫಿಕ್ಷನ್ ಲೇಖಕಿ ಲೀ ಬ್ರ್ಯಾಕೆಟ್ ಕೂಡ ಇದ್ದರು. ಅವರ ಕೈಲೂ ಆಗಲಿಲ್ಲ. ಚಾಂಡ್ಲರ್‌ಗೇ ಟೆಲಿಗ್ರಾಂ ಕಳಿಸಿದರು. ನನಗೂ ಗೊತ್ತಿಲ್ಲ ಅನ್ನೋ ಉತ್ತರ ಬಂತು! ಕೊನೆಗೆ ಕೇಸನ್ನು ವಿವರಿಸುವ ಒಂದು ಉದ್ದದ ದೃಶ್ಯವನ್ನೇ ಕತ್ತರಿಸಿ, ಹಂಫ್ರಿ ಬೋಗಾರ್ಟ್ ಮತ್ತು ಬಕಾಲ್ ಸರಸದ ಮಾತುಗಳನ್ನು ಜಾಸ್ತಿ ಸೇರಿಸಿ 1946ರಲ್ಲಿ ಬಿಟ್ಟರು. ಜನ ಈಗಲೂ ನೋಡುತ್ತಿದ್ದಾರೆ, ನಾನೂ ನೋಡುತ್ತೇನೆ. ಡ್ರೈವರ್ ಪಾಲಿಗೆ ಇನ್ನೂ ನ್ಯಾಯ ಸಿಕ್ಕಿಲ್ಲ.

ನನಗೆ ಒಬ್ಬರ ಮೇಲೆ ಬಲವಾದ ಗುಮಾನಿ ಇದೆ. ಕಾದಂಬರಿ ಓದಿದವರು ಸಿಕ್ಕರೆ ಪುಟ ತೆಗೆದು ತೋರಿಸುತ್ತೇನೆ. ಓದದವರು ಕೇಳಲೇಬೇಡಿ.