ಸ್ಪಷ್ಟನೆ: ಸಿಆರ್‌ಎಂ ‘ಪೂರ್ತಿ ಉಚಿತ’ ಅಲ್ಲ

ಮೈಸೂರಿನ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಗಿರಾಕಿಗಳ ವಿವರ ಇಡುವ ಸಿಆರ್‌ಎಂ ತಂತ್ರಾಂಶ ಈಗ ಪೂರ್ತಿ ಉಚಿತ, ದುಡ್ಡು ಕೇಳಿದವರು ಮೋಸಗಾರರು. ಅರ್ಧ ನಿಜ, ಅಷ್ಟೇ.

ಉಚಿತ ಆವೃತ್ತಿ ಇರುವುದು ಹೌದು. ಜೋಹೊ ಕಂಪನಿಯ ಸಿಆರ್‌ಎಂನಲ್ಲಿ 3 ಬಳಕೆದಾರರವರೆಗೆ ಕಾಸಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಅಪ್ಪ, ಮಗ ಕೂರುವ ಅಂಗಡಿಗೆ ಅದು ಧಾರಾಳ. ನಾಲ್ಕನೆಯವರನ್ನು ಸೇರಿಸಬೇಕೆಂದರೆ ಹಣ ಕಟ್ಟುವ ಯೋಜನೆಗೆ ಹೋಗಲೇಬೇಕು.

ಇಲ್ಲೇ ಲೆಕ್ಕ ತಪ್ಪುವುದು. ಶುಲ್ಕ ಅಂಗಡಿಗೆ ಇಷ್ಟು ಅಂತಲ್ಲ, ಸಾಮಾನ್ಯವಾಗಿ ತಲೆಗೆ, ತಿಂಗಳಿಗೆ ಇಷ್ಟು. ಉದಾಹರಣೆಗೆ ತಲೆಗೆ ₹1,000 ಎಂದುಕೊಳ್ಳಿ. ಐದು ಜನಕ್ಕೆ ವರ್ಷಕ್ಕೆ ₹60,000. ಮೇಲೆ 18% ಜಿಎಸ್‌ಟಿ ₹10,800. ಒಟ್ಟು ₹70,800. ಕಾಂಪೊಸಿಷನ್ ಯೋಜನೆಯಲ್ಲಿರುವವರು (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಪದ್ಧತಿ) ಹೀಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತೆಯೂ ಇಲ್ಲ.

‘ಸೂಟ್‌ಸಿಆರ್‌ಎಂ’ ತರಹದ ಮುಕ್ತ (ಓಪನ್ ಸೋರ್ಸ್) ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ, ನಿಜ. ಆದರೆ ಸರ್ವರ್ ಬಾಡಿಗೆ, ಬ್ಯಾಕಪ್, ಕೆಟ್ಟಾಗ ಸರಿಮಾಡುವವನ ಕೂಲಿ ನಿಮ್ಮದೇ.

ನನ್ನ ಮಟ್ಟಿಗೆ ದೊಡ್ಡ ಖರ್ಚು ಬೇರೆಯೇ: ಹಳೇ ನೋಟ್‌ಬುಕ್, ಮೂರು ಫೋನು, ಎಕ್ಸೆಲ್‌ನಲ್ಲಿ ಚದುರಿದ ನಂಬರುಗಳನ್ನು ಒಂದೆಡೆ ತರುವುದು. ಒಬ್ಬರೇ ಗಿರಾಕಿ ಮೂರು ಹೆಸರಲ್ಲಿ ಸಿಗುತ್ತಾರೆ! ಹುಡುಗರಿಗೆ ಕಲಿಸುವ ದಿನಗಳನ್ನೂ ಸೇರಿಸಿಕೊಳ್ಳಿ.

ಹಾಗಾಗಿ ದರ ಹೇಳಿದವರೆಲ್ಲ ಮೋಸಗಾರರಲ್ಲ. ಕೊಳ್ಳುವ ಮುಂಚೆ ಒಂದು ತಿಂಗಳು ಉಚಿತ ಆವೃತ್ತಿಯಲ್ಲೇ ನಡೆಸಿ, ಮುಂದೆ ಅದನ್ನು ಬಿಟ್ಟರೆ ನಮ್ಮ ಮಾಹಿತಿ ಎಕ್ಸೆಲ್ ಕಡತವಾಗಿ ಹೊರಬರುತ್ತದೆಯೇ ಎಂದು ತೆಗೆದು ನೋಡಿ.